ಗರಿಯಿಲ್ಲದ ಬೇಡ ಸಾರ್ಡಿನಿಯಾಕ್ಕೆ ಹೋದದ್ದು

ವಿಮಾನ ನಿಲ್ದಾಣದ ಮೇಜು

ನವಿಲುಗರಿಯನ್ನು ನಮ್ಮ ದೇಶದಿಂದ ಹೊರಗೆ ಒಯ್ಯುವಂತಿಲ್ಲ ಎಂಬುದು ನನಗೆ ಗೊತ್ತಾದದ್ದು ಇನ್ನೇನು ವಿಮಾನ ಹತ್ತಬೇಕು ಎನ್ನುವಾಗ. ಮೇಜಿನ ಆಚೆ ನಿಂತ ಅಧಿಕಾರಿ ನಮ್ಮ ಉದ್ದನೆಯ ಗಂಟನ್ನು ಬಿಚ್ಚಿಸಿದರು. ಹಳೆಯ ಸೀರೆಯಲ್ಲಿ ಸುತ್ತಿದ್ದ ಗರಿಗಳು ಫಳಫಳ ಹೊಳೆಯುತ್ತ ಹರಡಿಕೊಂಡವು. ಹಿಂದಿನ ಸಾಲಿನಲ್ಲಿದ್ದ ಒಂದು ಮಗು ಖುಷಿಯಿಂದ ಚಪ್ಪಾಳೆ ತಟ್ಟಿತು. ಅಧಿಕಾರಿ ತಟ್ಟಲಿಲ್ಲ. ಇದು ಕಾನೂನಿಗೆ ವಿರುದ್ಧ, ಗರಿ ಇಲ್ಲೇ ಉಳಿಯುತ್ತದೆ, ಬೇಕಾದರೆ ನೀವೂ ಇಲ್ಲೇ ಉಳಿಯಬಹುದು ಎಂದರು.

ನಾನು ಹೌಹಾರಿದೆ. ಇವು ನವಿಲು ತಾನಾಗಿ ಉದುರಿಸಿದ ಗರಿ ಸ್ವಾಮೀ, ನಮ್ಮ ಕಡೆ ಗದ್ದೆಯ ಬದುವಿನಲ್ಲಿ ಬಿದ್ದಿರುತ್ತವೆ, ಮಕ್ಕಳು ಪುಸ್ತಕದಲ್ಲಿ ಮರಿ ಹಾಕುತ್ತದೆಂದು ಇಟ್ಟುಕೊಳ್ಳುತ್ತಾರೆ ಎಂದೆಲ್ಲ ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು. ಆಮೇಲೆ ಗಂಟನ್ನು ಒಳಗೆ ಕಳುಹಿಸಿದರು. ಮದುವೆಗೆ ಹೊರಟವರು ತಾಳಿ ಮರೆತರೆ ವಾಪಸು ಓಡಿ ತರಬಹುದು. ತಾಳಿಯನ್ನೇ ಸರಕಾರ ಹಿಡಿದಿಟ್ಟುಕೊಂಡರೆ ಏನು ಮಾಡುವುದು?

ನಾವು ಯಾರು, ಆ ಗರಿ ಏಕೆ ಬೇಕಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ನನ್ನದು ಶಿರಸಿ ಪೇಟೆಯಲ್ಲಿ ಹಗ್ಗ, ಗೋಣಿಚೀಲ, ತಾಡಪತ್ರಿ ಮಾರುವ ಅಂಗಡಿ. ಹೆಸರು ಬಸವರಾಜ, ಊರಿಗೆಲ್ಲ ಬಸಣ್ಣ. ಮೂಲ ಬನವಾಸಿ ಕಡೆ. ಹೋಳಿಯ ದಿನಗಳಲ್ಲಿ ಶಿರಸಿಯ ಓಣಿಗಳಲ್ಲಿ ಬೇಡರ ವೇಷ ಕುಣಿಯುತ್ತದೆ, ಒಂದು ವರ್ಷ ಬಿಟ್ಟು ಒಂದು ವರ್ಷ. ಮುಖಕ್ಕೆ ಬಣ್ಣ, ದಪ್ಪ ಮೀಸೆ, ಕೈಯಲ್ಲಿ ಕತ್ತಿ ಗುರಾಣಿ, ಬೆನ್ನಿಗೆ ಚಕ್ರದಷ್ಟು ಅಗಲದ ನವಿಲುಗರಿ. ಬೇಡ ತಮಟೆಯ ಪೆಟ್ಟಿಗೆ ಆರ್ಭಟಿಸುತ್ತ ಜನರ ಮೇಲೆ ಎಗರಿ ಹೋಗುತ್ತಾನೆ. ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಹಿಡಿದು ಜಗ್ಗುತ್ತಾರೆ. ಆ ಇಬ್ಬರಲ್ಲಿ ಒಬ್ಬ ನಾನು. ಇನ್ನೊಬ್ಬ ಗೂಡ್ಸ್ ಗಾಡಿ ಓಡಿಸುವ ಇಸ್ಮಾಯಿಲ್. ಬೇಡ ನಮ್ಮ ಮಂಜಣ್ಣ, ಬೈಕ್ ರಿಪೇರಿ ಮಾಡುವವನು. ತಮಟೆ ಹನುಮಂತನದು. ಎಷ್ಟೋ ಹೋಳಿಗಳಿಂದ ನಾವು ನಾಲ್ವರೇ.

ಹಗ್ಗ ಹಿಡಿದವನಿಗೆ ಒಂದೇ ನಿಯಮ. ಏನೇ ಆಗಲಿ ಹಗ್ಗ ಬಿಡಬಾರದು. ಆವೇಶ ಬಂದ ಬೇಡನಿಗೆ ಎದುರಿಗಿರುವುದು ಮಗುವೋ ಮುದುಕಿಯೋ ಕಾಣುವುದಿಲ್ಲ. ಅಂಗೈಯ ಚರ್ಮ ಕಿತ್ತುಬಂದರೂ ಹಿಡಿದುಕೊಂಡೇ ಇರಬೇಕು. ನಾನು ಹಗ್ಗದ ವ್ಯಾಪಾರಿಯಾದ್ದರಿಂದ ಈ ಕೆಲಸಕ್ಕೆ ಹುಟ್ಟಿದವನು ಎಂದು ಮಂಜಣ್ಣ ಕಿಚಾಯಿಸುತ್ತಿರುತ್ತಾನೆ.

ಈ ಸಲ ಅವನು ಕಿಚಾಯಿಸುವ ಸ್ಥಿತಿಯಲ್ಲಿ ಇರಲಿಲ್ಲ. ಹೊರಡುವ ಸ್ವಲ್ಪ ದಿನ ಮೊದಲು ಓಣಿಯ ಹುಡುಗರು ವಾಟ್ಸಾಪ್ ಗುಂಪಿನಲ್ಲಿ, ಮುಂದಿನ ಹೋಳಿಗೆ ಹೊಸಬರು ವೇಷ ಕಟ್ಟುತ್ತಾರೆ, ಮಂಜಣ್ಣನವರ ಸೇವೆಗೆ ಧನ್ಯವಾದ ಎಂದು ಹಾಕಿದ್ದರು. ಕೆಳಗೆ ಸಾಲುಸಾಲು ಕೈಮುಗಿಯುವ ಚಿತ್ರಗಳು. ಅಷ್ಟರಲ್ಲೇ ಮುಗಿಯಿತು. ಅವನ ಮನೆಗೆ ಬಂದು ಒಂದು ಮಾತು ಹೇಳಿದವರಿಲ್ಲ. ಅವನ ಮೊಣಕಾಲು ಕೈಕೊಡುತ್ತಿದ್ದದ್ದು ನಿಜವೇ. ಆದರೆ ಸೈಕಲ್ ಸ್ಟ್ಯಾಂಡಿನ ಬೋರ್ಡು ಬದಲಾಯಿಸುವಂತೆ ಮನುಷ್ಯನನ್ನು ಬದಲಾಯಿಸುತ್ತಾರೆಯೇ? ನನಗೆ ಮೈ ಉರಿದುಹೋಯಿತು. ಮಂಜಣ್ಣ ಮಾತ್ರ ಹಂಗಾರ ಇಟಲಿದೇ ಕಡೀ ವೇಷ ಆತು ಎಂದಷ್ಟೇ ಹೇಳಿ ಗರಿಗಳನ್ನು ಒಂದೊಂದಾಗಿ ಒರೆಸಿ ಗಂಟು ಕಟ್ಟಿದ್ದ. ಈಗ ಆ ಗಂಟೇ ಹೋಯಿತು.

ವಿಮಾನದುದ್ದಕ್ಕೂ ಅವನು ತೊಡೆಯ ಮೇಲೆ ಎರಡೂ ಕೈಯಿಟ್ಟುಕೊಂಡು ಕೂತಿದ್ದ. ಕೊಟ್ಟ ಊಟದ ಡಬ್ಬಿಯನ್ನು ತೆರೆಯಲೂ ಇಲ್ಲ.

ಬೆಟ್ಟದ ಮೇಲಿನ ಊರು

ಸಾರ್ಡಿನಿಯಾ ಇಟಲಿಗೆ ಸೇರಿದ ದೊಡ್ಡ ದ್ವೀಪ. ನಮ್ಮನ್ನು ಕರೆಸಿಕೊಂಡಿದ್ದು ಅದರ ಹೊಟ್ಟೆಯೊಳಗಿನ ಒಂದು ಕುರಿಗಾಹಿಗಳ ಊರು. ಕರೆಸಿದವಳು ವಿನಯಾ, ಯಲ್ಲಾಪುರ ತಾಲೂಕಿನ ಉಮ್ಮಚಗಿಯ ಹೆಗಡೆಯವರ ಮನೆಯ ಹುಡುಗಿ. ಆ ದ್ವೀಪದಲ್ಲಿ ಜಾನಪದ ಓದುತ್ತಿದ್ದಾಳೆ. ಇಲ್ಲಿಯವರ ಚಳಿಗಾಲದ ಹಬ್ಬದಲ್ಲೂ ವೇಷದವನನ್ನು ಹಗ್ಗ ಹಾಕಿ ಎಳೆಯುತ್ತಾರೆ, ನಮ್ಮ ಬೇಡನನ್ನು ನೋಡಿದರೆ ಅವರಿಗೆ ಆಶ್ಚರ್ಯವಾಗುತ್ತದೆ ಎಂದು ಅವಳೇ ಓಡಾಡಿ ಎಲ್ಲ ಏರ್ಪಾಡು ಮಾಡಿದ್ದಳು. ಯಾರಿಗೆ ಆಶ್ಚರ್ಯ ಕಾದಿತ್ತು ಎಂಬುದು ಪಾಪ ಅವಳಿಗೂ ಗೊತ್ತಿರಲಿಲ್ಲ.

ಊರು ನೋಡಿ ನನಗೆ ಮೊದಲಿಗೆ ಖುಷಿಯೇ ಆಯಿತು. ಕಲ್ಲಿನ ಮನೆಗಳು, ಇಕ್ಕಟ್ಟು ಓಣಿಗಳು, ಜಗಲಿಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ದಿಟ್ಟಿಸುವ ಮುದುಕರು. ಶಿರಸಿಯಲ್ಲಾದರೆ ಯಾರ ಪೈಕಿ, ಎಲ್ಲಿಗೆ ಹೊರಟಿದ್ದು ಎಂದು ಕೇಳಿಯೇ ಬಿಡುತ್ತಾರೆ. ಇಲ್ಲಿಯವರೂ ಕೇಳಿದರಂತೆ, ನಾವು ಯಾರ ಮಕ್ಕಳು ಎಂದು. ನಾಲ್ವರ ಅಪ್ಪಂದಿರ ಹೆಸರನ್ನೂ ವಿನಯಾ ಹೇಳಿದ ಮೇಲೆ ಒಬ್ಬ ಮುದುಕ ಅರ್ಥವಾದವನಂತೆ ತಲೆಯಾಡಿಸಿದ. ಏನು ಅರ್ಥವಾಯಿತೋ ಆ ದೇವರಿಗೇ ಗೊತ್ತು.

ಗರಿಯ ಸುದ್ದಿ ಕೇಳಿ ಊರಿನವರು ನೊಂದುಕೊಂಡರು. ಸಂಜೆಯೊಳಗೆ ಯಾರೋ ಕೋಳಿಯ ಗರಿ ತಂದರು, ಇನ್ಯಾರೋ ಬಾತಿನದು. ಒಬ್ಬಾಕೆ ತನ್ನ ಮದುವೆಯ ಟೋಪಿಗೆ ಸಿಕ್ಕಿಸಿದ್ದ ಬಿಳಿ ಪುಕ್ಕವನ್ನೇ ಕಿತ್ತು ತಂದಳು. ಮಂಜಣ್ಣ ಎಲ್ಲವನ್ನೂ ಮುಟ್ಟಿ ನೋಡಿ, ಕಣ್ಣಿಗೊತ್ತಿಕೊಂಡು, ವಾಪಸು ಕೊಟ್ಟ. ಮರುದಿನ ಚೌಕದಲ್ಲಿ ನಮ್ಮದೊಂದು ಕುಣಿತ ನಿಗದಿಯಾಗಿತ್ತು. ಅವನು ಒಲ್ಲೆ ಎಂದ.

"ಗರಿ ಇಲ್ದ ನಾ ಏನ್ ಕುಣೀಲಿ ಬಸಣ್ಣಾ? ಜಾಕೀಟು ಹಾಕ್ಕೊಂಡು ಬೇಡ ಬಂದ ಅಂತ ಹೇಳ್ಲಾ?"

ನನಗೆ ಸಿಟ್ಟು ಬಂತು. ಇಷ್ಟು ದೂರ ಬಂದು, ಇವರ ಅನ್ನ ತಿಂದು, ಕುಣಿಯಲಾರೆ ಎಂದರೆ ಹೇಗೆ? ಬೀಗರ ಮನೆಗೆ ಬಂದು ಮುನಿಸಿಕೊಂಡ ಅಳಿಯನಂತಾಯಿತು ಎಂದು ಬೈದೆ. ಅವನು ತಿರುಗಿ ಬೈದಿದ್ದರೆ ಸರಿಹೋಗುತ್ತಿತ್ತು. ಸುಮ್ಮನೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಕಡೆಯ ವೇಷ ಗಂಟಿನಲ್ಲೇ ಮುಗಿಯಿತಲ್ಲ ಎಂದು ಆಮೇಲೆ ನನಗೇ ಹೊಟ್ಟೆ ಚುರುಕ್ಕೆಂದಿತು.

ಪಾವ್ಲಜ್ಜಿಯ ಅಡುಗೆಮನೆ

ನಮಗೆ ಇಳಿದುಕೊಳ್ಳಲು ಕೊಟ್ಟದ್ದು ಪಾವ್ಲಾ ಎಂಬ ಮುದುಕಿಯ ಮನೆ. ಕರಿಯ ಶಾಲು ತಲೆಗೆ ಹೊದ್ದು, ಮಾತಿಗೊಮ್ಮೆ ಮೇಜು ಕುಟ್ಟುವ ಗಟ್ಟಿ ಹೆಂಗಸು. ನಾವು ಪಾವ್ಲಜ್ಜಿ ಎಂದೇ ಕರೆದೆವು.

ನಾನು ಲಿಂಗಧಾರಿ, ಮಾಂಸ ಮುಟ್ಟುವವನಲ್ಲ ಎಂದು ವಿನಯಾ ಮೊದಲೇ ತಿಳಿಸಿದ್ದಳು. ಪಾವ್ಲಜ್ಜಿ ಯೋಚನೆ ಬೇಡ, ಇದು ಬರೀ ಹಾಲಿನದು ಎಂದು ಹೆಮ್ಮೆಯಿಂದ ಒಂದು ದುಂಡನೆಯ ಚೀಸ್ ತಂದು ಮುಂದಿಟ್ಟಳು. ಅಂಗಡಿಯಲ್ಲಿ ಮಾರಲು ಬಿಡುವುದಿಲ್ಲವಂತೆ, ಮನೆಯಲ್ಲೇ ಮಾಡಿ ಬೇಕಾದವರಿಗೆ ಕೊಡುವುದಂತೆ. ಮೇಲಿನ ಮುಚ್ಚಳ ತೆಗೆದಳು. ನಾನು ರೊಟ್ಟಿ ಮುರಿದು ಕೈ ಚಾಚಿದೆ. ಒಳಗೆ ಏನೋ ಮಿಸುಕಿತು.

"ಅಣ್ಣಾ," ಎಂದ ಇಸ್ಮಾಯಿಲ್ ಮೆಲ್ಲಗೆ. "ಇದು ಓಡಾಡ್ತೈತಲ್ಲ."

ಹುಳ. ಜೀವಂತ ಹುಳ. ಅಕ್ಕಿಯಲ್ಲಿ ಒಂದು ಹುಳ ಕಂಡರೆ ಮೊರ ಹಿಡಿದು ಅರ್ಧ ದಿನ ಕೂರುವ ಜನ ನಾವು. ಇವರು ಹುಳ ಬೀಳಲಿ ಎಂದೇ ಕಾದು ಕೂತು, ಬಿದ್ದ ಮೇಲೆ ನೆಂಟರಿಗೆ ಬಡಿಸುತ್ತಾರೆ. ಅವು ಮುಖಕ್ಕೆ ಹಾರುತ್ತವೆ, ರೊಟ್ಟಿಯ ಮೇಲೆ ಅಂಗೈ ಅಡ್ಡ ಹಿಡಿದು ತಿನ್ನಿ ಎಂದು ಅಜ್ಜಿ ತೋರಿಸಿಕೊಟ್ಟಳು. ನಾನು ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡೆ. ಹನುಮಂತ ಮಾತ್ರ ಒಂದು ತುತ್ತು ತಿಂದು, ಖಾರ ಇದೆ, ಅಡ್ಡಿಯಿಲ್ಲ ಎಂದ. ಆಮೇಲೆ ಆ ರಾತ್ರಿ ಅವನ ಪಕ್ಕ ಮಲಗಲು ನಾವ್ಯಾರೂ ಒಪ್ಪಲಿಲ್ಲ.

ಅದಕ್ಕಿಂತ ದೊಡ್ಡ ಆಘಾತ ಗೋಡೆಯ ಮೇಲೆ ತೂಗುತ್ತಿತ್ತು. ಮರದ ಒಂದು ಕೊಡತಿ. ಗಿಡ್ಡನೆಯ ಹಿಡಿ, ದಪ್ಪ ತಲೆ, ಕೈಯಾಡಿ ಆಡಿ ನುಣ್ಣಗಾಗಿತ್ತು. ಗೂಟ ಬಡಿಯುವುದಕ್ಕಿರಬೇಕು ಎಂದುಕೊಂಡು ಇದು ಯಾವ ಮರದ್ದು ಎಂದು ವ್ಯಾಪಾರಿಯ ಚಟದಿಂದ ಕೇಳಿದೆ. ಆಲಿವ್ ಮರ, ನಮ್ಮಜ್ಜಿಯದು ಎಂದಳು ಪಾವ್ಲಜ್ಜಿ. ಅಜ್ಜಿ ಇದರಿಂದ ಏನು ಮಾಡುತ್ತಿದ್ದಳು ಎಂದೆ. ವಿನಯಾ ಉತ್ತರ ಕೇಳಿಸಿಕೊಂಡು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಹೇಳಿದಳು.

ಈ ದ್ವೀಪದಲ್ಲಿ ಹಿಂದೆ ಜೀವ ಹೋಗದೆ ನರಳುವವರ ಮನೆಗೆ ಒಬ್ಬ ಹೆಂಗಸನ್ನು ಕರೆಸುತ್ತಿದ್ದರಂತೆ. ಮುಗಿಸುವವಳು ಎಂದೇ ಅವಳ ಹೆಸರು. ಅವಳು ಬಂದ ಕೂಡಲೇ ಮನೆಯವರು ಕೋಣೆಯಿಂದ ಹೊರಗೆ ಹೋಗಬೇಕು, ಗೋಡೆಯ ದೇವರ ಪಟಗಳನ್ನು ಇಳಿಸಬೇಕು. ಬಾಗಿಲು ಮುಚ್ಚಿ, ಅವಳು ಕೊಡತಿಯಿಂದ ಹಣೆಗೊಂದು ಪೆಟ್ಟು ಕೊಡುತ್ತಿದ್ದಳಂತೆ. ಹಾಗೆ ಜೀವ ಎಳೆಯುವವನು ಹಿಂದೆ ಎಂದಾದರೂ ಎತ್ತಿನ ನೊಗವನ್ನು ಒಲೆಗೆ ಹಾಕಿರುತ್ತಾನೆ, ಆ ಪಾಪಕ್ಕೇ ಜೀವ ಹೋಗುವುದಿಲ್ಲ ಎಂದು ನಂಬಿಕೆ. ಅದಕ್ಕೆ ಮೊದಲು ದಿಂಬಿನ ಕೆಳಗೆ ಪುಟ್ಟ ನೊಗ ಇಟ್ಟು ನೋಡುತ್ತಿದ್ದರಂತೆ. ಇದೆಲ್ಲ ನಿಜವಾಗಿ ನಡೆದದ್ದೋ, ಕಟ್ಟಿದ ಕಥೆಯೋ ಎಂದು ಓದಿದವರು ಇನ್ನೂ ಜಗಳವಾಡುತ್ತಿದ್ದಾರೆ ಎಂದು ವಿನಯಾ ಸೇರಿಸಿದಳು. ಪಾವ್ಲಜ್ಜಿಗೆ ಆ ಜಗಳದ ಗೊಡವೆ ಇರಲಿಲ್ಲ. ನಮ್ಮಜ್ಜಿಯನ್ನು ಕಂಡರೆ ಎಲ್ಲರಿಗೂ ಗೌರವ, ದಾರಿಯಲ್ಲಿ ಎದುರಾದರೆ ಟೋಪಿ ತೆಗೆಯುತ್ತಿದ್ದರು ಎಂದಳು.

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ನಮ್ಮಲ್ಲೂ ನೊಗ ಸುಡುವುದಿಲ್ಲ. ಮುರಿದ ನೊಗದ ತುಂಡನ್ನು ಒಲೆಯ ಹತ್ತಿರ ತಂದಿದ್ದಕ್ಕೆ ನನ್ನ ಅವ್ವ ನನಗೆ ಸೌಟಿನಲ್ಲಿ ಬಾರಿಸಿದ್ದಳು. ಆದರೆ ಜೀವ ಹೋಗದೆ ಇರುವವರಿಗೆ ನಾವು ಬಾಯಿಗೆ ನೀರು ಬಿಟ್ಟು, ಏನಾದರೂ ಆಸೆ ಉಳಿದಿದೆಯೇನೋ ಎಂದು ಕಿವಿಯಲ್ಲಿ ಕೇಳುತ್ತೇವೆ. ಕೊಡತಿ ತರುವುದಿಲ್ಲ. ನಾನು ಮಲಗಬೇಕಾದ ಮಂಚ ಆ ಗೋಡೆಯ ಆಚೆ ಬದಿಗೇ ಇತ್ತು.

ಈಗ ನಿಮ್ಮ ಕಥೆ ಹೇಳಿ ಎಂದಳು ಅಜ್ಜಿ. ನಾನು ಉತ್ಸಾಹದಿಂದ ಶುರುಮಾಡಿದೆ. ಸೋದೆ ಅರಸರ ಕಾಲದ್ದಂತೆ. ಓಣಿಗೊಂದು ಪಾಠ ಇದೆ, ನನ್ನದು ನಮ್ಮ ಓಣಿಯದು. ಶಿರಸಿ ಕಾಯಲು ಇಟ್ಟಿದ್ದ ಶೂರ ಬೇಡನೊಬ್ಬ ಮದವೇರಿ ಊರಿನ ಹೆಣ್ಣುಮಕ್ಕಳನ್ನು ಪೀಡಿಸತೊಡಗಿದ. ಶೆಟ್ಟರ ಮಗಳೊಬ್ಬಳು ಊರನ್ನು ಉಳಿಸಲೆಂದೇ ಅವನನ್ನು ಮದುವೆಯಾಗಲು ಒಪ್ಪಿದಳು. ಹೋಳಿಯ ದಿನ ಅವನು ಮೈಮರೆತು ಕುಣಿಯುವಾಗ ಅವನ ಕಣ್ಣಿಗೆ ಆಸಿಡ್ಡಿನಂಥದ್ದೇನೋ ಎರಚಿದಳು. ಕುರುಡಾಗಿ ಅವಳನ್ನು ಕೊಲ್ಲಲು ನುಗ್ಗಿದವನನ್ನು ಭಟರು ಹಗ್ಗ ಹಾಕಿ ಹಿಡಿದರು. ಜೀವಂತ ಸುಟ್ಟರು. ಏನಾದರೂ ಅವನು ಗಂಡನಲ್ಲವೇ ಎಂದು ಆ ಹುಡುಗಿಯೂ ಅದೇ ಬೆಂಕಿಗೆ ಹಾರಿದಳು. ಅವಳ ನೆನಪಿಗೇ ನಮ್ಮ ಕುಣಿತ.

ಹೇಳಿ ಮುಗಿಸಿ ತಲೆಯೆತ್ತಿದರೆ ಪಾವ್ಲಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು. ಗೋಡೆಯ ಮೇಲೆ ಕೊಡತಿ ತೂಗುಹಾಕಿಕೊಂಡ ಹೆಂಗಸು ನನ್ನ ಕಥೆ ಕೇಳಿ ಬಿಳಿಚಿಕೊಂಡಿದ್ದಳು. ಇದನ್ನು ಮಕ್ಕಳ ಎದುರು ಕುಣಿಯುತ್ತೀರಾ ಎಂದು ಕೇಳಿದಳಂತೆ. ಮಕ್ಕಳು ಐಸ್ ಕ್ಯಾಂಡಿ ತಿನ್ನುತ್ತ ಎದುರಿನ ಸಾಲಿನಲ್ಲೇ ಕೂತಿರುತ್ತಾರೆ ಎಂದು ಹೇಳುವ ಬದಲು ನಾನು ರೊಟ್ಟಿ ಚೆನ್ನಾಗಿದೆ ಎಂದೆ.

ಹಬ್ಬದ ಬೆಳಗು

ಬೆಳಿಗ್ಗೆ ಮಂಜಣ್ಣ ಕಾಫಿ ಕುಡಿಯಲಿಲ್ಲ. ರೊಟ್ಟಿ ಮುಟ್ಟಲಿಲ್ಲ. ಹುಳದ ಭಯ ಇನ್ನೂ ಹೋಗಿಲ್ಲ ಎಂದುಕೊಂಡೆ. ವೇಷ ಕಟ್ಟುವ ದಿನ ಅವನು ಉಪವಾಸ ಇರುತ್ತಾನೆ ಎಂಬುದು ಗೊತ್ತಿದ್ದೂ, ಕುಣಿಯಲಾರೆ ಎಂದವನು ಉಪವಾಸ ಏಕೆ ಮಾಡುತ್ತಾನೆ ಎಂದು ನನ್ನ ದಪ್ಪ ತಲೆಗೆ ಹೊಳೆಯಲಿಲ್ಲ.

ಓಣಿಗೆ ಕಾಲಿಡುತ್ತಿದ್ದಂತೆ ಯಾರೋ ಹಿಂದಿನಿಂದ ನನ್ನ ಮುಖಕ್ಕೆ ಮಸಿ ಬಳಿದರು. ಸುಟ್ಟ ಬಿರಡೆಯ ಮಸಿ. ನಾನು ತಿರುಗಿ ಜಗಳಕ್ಕೇ ಹೋದೆ. ನೋಡಿದರೆ ಊರಿಗೆ ಊರೇ ಕರ್ರಗಾಗಿತ್ತು. ಪೂಜಾರಿಯಂತೆ ಕಾಣುತ್ತಿದ್ದ ಹಿರಿಯರೊಬ್ಬರು ಕೂಡ. ನಮ್ಮಲ್ಲಿ ಮುಖಕ್ಕೆ ಮಸಿ ಬಳಿದರೆ ಆ ಮನುಷ್ಯ ಊರು ಬಿಡಬೇಕು. ಇಲ್ಲಿ ಬಳಿಸಿಕೊಂಡವನೇ ಊರಿನವನು. ನನ್ನ ಹಣೆಯ ವಿಭೂತಿಯ ಮೇಲೆ ಮಸಿ ಕೂತು ನಾನು ಸುಟ್ಟ ಕುಂಬಳಕಾಯಿಯ ಹಾಗೆ ಕಂಡೆ ಎಂದು ಇಸ್ಮಾಯಿಲ್ ನಕ್ಕ. ಅವನ ಬಿಳಿ ಗಡ್ಡದ ಪಾಡು ಅವನಿಗೆ ಕಾಣುತ್ತಿರಲಿಲ್ಲ.

ಗಂಡಸರು ಕರಿಯ ಸೀರೆಯಂಥ ಬಟ್ಟೆ ಸುತ್ತಿಕೊಂಡು ವಿಧವೆಯರ ವೇಷ ಹಾಕಿದ್ದರು. ಕೈಯಲ್ಲಿ ಚಿಂದಿಯ ಗೊಂಬೆ. ಮಗು ಹಸಿದಿದೆ, ಹಾಲು ಕೊಡಿ ಎಂದು ಎದುರಾದ ಹೆಂಗಸರಿಗೆ ಹಿಡಿಯುತ್ತಿದ್ದರು. ಅದರಲ್ಲೊಬ್ಬ ನನಗೇ ಗೊಂಬೆ ಕೊಟ್ಟ. ಏನು ಮಾಡುವುದೆಂದು ತಿಳಿಯದೆ ನಾನು ಅದನ್ನು ತಟ್ಟಿ ಮಲಗಿಸಿ ವಾಪಸು ಕೊಟ್ಟೆ.

ಚೌಕ

ಗಂಟೆಗಳ ಸದ್ದು ಮೊದಲು ಬಂತು. ಆಮೇಲೆ ಅವನು ಬಂದ. ಕುರಿಯ ತೊಗಲು ಹೊದ್ದ ಮನುಷ್ಯ, ಮುಖ ಪೂರ್ತಿ ಕಪ್ಪು, ಅದರ ಮೇಲೆ ರಕ್ತದ ಗೆರೆಗಳು. ತಲೆಯ ಮೇಲೆ ಕೊಂಬು, ಎರಡು ಕೊಂಬಿನ ನಡುವೆ ಕುರಿಯ ಜಠರ. ಎದೆಯ ಮೇಲೆ ದನದ ಗಂಟೆಗಳು. ಅದರ ಕೆಳಗೆ ಹೊಟ್ಟೆಗೆ ಕಟ್ಟಿದ್ದು ಏನು ಎಂದು ಕೇಳಿದೆ. ಎತ್ತಿನ ಜಠರ, ಒಳಗೆ ರಕ್ತ ಎಂದಳು ವಿನಯಾ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಅವನ ಹಿಂದೆ ಕಾವಲಿನವರು ಇಬ್ಬರು ಚರ್ಮದ ಹಗ್ಗ ಹಿಡಿದಿದ್ದರು. ನಾನೂ ಇಸ್ಮಾಯಿಲನೂ ಮುಖ ಮುಖ ನೋಡಿಕೊಂಡೆವು. ನಮ್ಮದೇ ಕೆಲಸ! ಎಲ್ಲಿಯ ಶಿರಸಿ, ಎಲ್ಲಿಯ ಈ ಬೆಟ್ಟ. ಹಗ್ಗವನ್ನು ಸೊಂಟಕ್ಕೆ ಎಲ್ಲಿ ಕಟ್ಟಿದ್ದಾರೆ, ಎಷ್ಟು ಬಿಟ್ಟು ಹಿಡಿದಿದ್ದಾರೆ ಎಂದೆಲ್ಲ ನಾವು ಪರೀಕ್ಷೆ ಮಾಡುತ್ತ ಹಿಂದೆಯೇ ನಡೆದೆವು. ಒಬ್ಬನ ಹಿಡಿತ ಸಡಿಲ ಎಂದು ಇಸ್ಮಾಯಿಲ್ ತಪ್ಪು ಹುಡುಕಿದ.

ಆದರೆ ನಾವು ಬೇಡನನ್ನು ತಡೆಯುತ್ತೇವೆ. ಇವರು ತಮ್ಮವನನ್ನು ಬಡಿಯುತ್ತಿದ್ದರು. ನಿಜವಾಗಿಯೂ ಬಡಿಯುತ್ತಿದ್ದರು. ಅವನು ಬೀಳುತ್ತಿದ್ದ, ಎಳೆದು ಎಬ್ಬಿಸುತ್ತಿದ್ದರು, ಮತ್ತೆ ಬೀಳುತ್ತಿದ್ದ. ನಡುನಡುವೆ ಒಬ್ಬ ಅವನ ಹೊಟ್ಟೆಯ ಚೀಲಕ್ಕೆ ಚುಚ್ಚುತ್ತಿದ್ದ, ರಕ್ತ ಚಿಮ್ಮಿ ನೆಲಕ್ಕೆ ಬೀಳುತ್ತಿತ್ತು. ನನ್ನ ಬೂಟಿನ ಮೇಲೂ ಬಿತ್ತು. ಜನ ಕೇಕೆ ಹಾಕುತ್ತಿದ್ದರು. ನೆಲಕ್ಕೆ ರಕ್ತ ಕುಡಿಸಿದರೆ ಬೆಳೆ ಬರುತ್ತದೆ, ಅವನು ಈ ವರ್ಷ ಊರಿಗಾಗಿ ಸಾಯುವವನು ಎಂದು ವಿನಯಾ ವಿವರಿಸುತ್ತಲೇ ಇದ್ದಳು. ನನಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಇದು ಆಟ ಎಂದು ಬುದ್ಧಿಗೆ ಗೊತ್ತು. ಬೂಟಿನ ಮೇಲಿನದು ಆಟದ್ದಾಗಿರಲಿಲ್ಲ.

ಚೌಕದ ನಡುವೆ ಅವನು ಮೊಣಕಾಲೂರಿ ಕುಸಿದ. ಹೊಟ್ಟೆಯ ಚೀಲ ಪೂರ್ತಿ ಹರಿಯಿತು. ಕಾವಲಿನ ಇಬ್ಬರೂ ಹಗ್ಗವನ್ನು ಕೈಯಿಂದ ಕೆಳಗೆ ಹಾಕಿ ದೂರ ಸರಿದರು. ಅದೇ ಗಳಿಗೆಗೆ ಕುಸಿದವನು ಒಮ್ಮೆ ಜೋರಾಗಿ ಕೂಗಿ, ಎದ್ದು, ಎದುರಿಗಿದ್ದ ಮಕ್ಕಳ ಗುಂಪಿನ ಕಡೆಗೆ ತೂರಾಡುತ್ತ ನುಗ್ಗಿದ. ಹಿಂದೆ ಹಗ್ಗ ನೆಲದ ಮೇಲೆ ಹರಿಯುತ್ತಿತ್ತು. ಹಿಡಿದವರು ಯಾರೂ ಇಲ್ಲ.

"ಹಗ್ಗಾ!" ಎಂದು ಇಸ್ಮಾಯಿಲ್ ಕೂಗಿದ.

ಅಷ್ಟು ವರ್ಷಗಳ ಅಭ್ಯಾಸ, ಯೋಚನೆಗೆ ಪುರುಸೊತ್ತು ಎಲ್ಲಿ? ಎಡಗಡೆಯ ತುದಿಯನ್ನು ಅವನು, ಬಲಗಡೆಯದನ್ನು ನಾನು ಹಾರಿ ಹಿಡಿದು, ಹಿಮ್ಮಡಿ ಊರಿ ಹಿಂದಕ್ಕೆ ಜಗ್ಗಿದೆವು. ಆ ಮನುಷ್ಯ ಗಂಟೆಗಳ ಸಮೇತ ದಡ್ಡನೆ ಅಂಡೂರಿ ಕೂತ. ಮಕ್ಕಳನ್ನು ಉಳಿಸಿದೆವು ಎಂದು ಏದುಸಿರು ಬಿಡುತ್ತ ನಾನು ಸುತ್ತ ನೋಡಿದೆ. ಯಾರೂ ಕೇಕೆ ಹಾಕಲಿಲ್ಲ. ವಿಧವೆಯ ವೇಷದವನೊಬ್ಬ ಅಳಲು ತೆರೆದ ಬಾಯಿ ಹಾಗೇ ಉಳಿದಿತ್ತು.

ವಿನಯಾ ಓಡಿ ಬಂದಳು. ನಮ್ಮ ಜೊತೆ ಯಾವಾಗಲೂ ನಾಜೂಕಾಗಿ ಮಾತಾಡುವ ಹುಡುಗಿಗೆ ಮನೆಯ ಹವ್ಯಕ ಮಾತೇ ಬಾಯಿಗೆ ಬಂದಿತ್ತು.

"ಎಂತ ಮಾಡಿಬಿಟ್ರಿ ನಿಂಗ? ಹಗ್ಗ ಬಿಟ್ಟಾಗಲೇ ಅವ ಸಾಯದು. ಹಿಡಕಂಡರೆ ಸಾಯ್ತ್ನಿಲ್ಲೆ. ಈಗ ಆನು ಇವ್ರಿಗೆ ಎಂತ ಹೇಳವು?"

ಅದೇ ಚೌಕ

ಊರಿಗೆ ಊರೇ ಕಾದಿದ್ದ ಸಾವನ್ನು ನಾವು ತಪ್ಪಿಸಿಬಿಟ್ಟಿದ್ದೆವು. ಮುದುಕರು ಸಿಟ್ಟಿನಿಂದ ಕೋಲು ಕುಟ್ಟುತ್ತಿದ್ದರು. ಇನ್ನೊಮ್ಮೆ ಸಾಯಿಸಿ ಎನ್ನೋಣವೆಂದರೆ ಚೀಲದ ರಕ್ತವೆಲ್ಲ ಖಾಲಿಯಾಗಿತ್ತು. ಸಾಯಬೇಕಾದವನು, ಪಾಪ, ಒಬ್ಬ ಕುರಿಗಾಹಿ, ಕೊಂಬು ಓರೆಯಾಗಿ ನೆಲದ ಮೇಲೆ ಕೂತು ಸೊಂಟ ನೀವಿಕೊಳ್ಳುತ್ತಿದ್ದ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ನಾನು ಮಾಡಿದ ಇನ್ನೊಂದು ತಪ್ಪೆಂದರೆ, ಅಷ್ಟು ಹೊತ್ತಾದರೂ ಹಗ್ಗ ಬಿಟ್ಟಿರಲಿಲ್ಲ.

ಪಾವ್ಲಜ್ಜಿ ಗುಂಪು ಸೀಳಿಕೊಂಡು ಬಂದಳು. ಮುದುಕರ ಜೊತೆ ಎರಡು ಮಾತಾಡಿದಳು. ಎಲ್ಲರೂ ನಮ್ಮ ಕಡೆ ತಿರುಗಿದರು. ಕೆಡಿಸಿದವರೇ ಸರಿಮಾಡಿಕೊಡಬೇಕಂತೆ, ಹಗ್ಗ ಯಾರ ಕೈಯಲ್ಲಿದೆಯೋ ಸಾವು ಅವರದಂತೆ ಎಂದು ವಿನಯಾ ಹೇಳಿದಳು. ಅಂದರೆ ನಮ್ಮಲ್ಲೊಬ್ಬರು ಸಾಯಬೇಕು. ಗೋಡೆಯ ಕೊಡತಿ ಕಣ್ಣಮುಂದೆ ಬಂತು. ಇಸ್ಮಾಯಿಲ್ ನನ್ನನ್ನು ನೋಡಿದ, ನಾನು ಹನುಮಂತನನ್ನು ನೋಡಿದೆ. ಅವನು ತಮಟೆಯನ್ನು ಎದೆಗೆ ಅಡ್ಡ ಹಿಡಿದುಕೊಂಡ.

ಅಷ್ಟು ಹೊತ್ತು ಮಂಜಣ್ಣ ಎಲ್ಲಿದ್ದನೋ ನಾನು ಗಮನಿಸಿರಲಿಲ್ಲ. ಹಿಂದೆ ಚರ್ಚಿನ ಮೆಟ್ಟಿಲ ಬಳಿ ನಿಂತಿದ್ದನಂತೆ. ಈಗ ಮುಂದೆ ಬಂದ. ಮುಖ ಮಸಿಯಾಗಿತ್ತು, ಕಣ್ಣು ಮಾತ್ರ ಕೆಂಪಗೆ. ಜಾಕೀಟು ಬಿಚ್ಚಿ ನನ್ನ ಹೆಗಲ ಮೇಲೆ ಹಾಕಿದ. ಚಪ್ಪಲಿ ಬಿಟ್ಟ. ಕುರಿಗಾಹಿಯ ಸೊಂಟದ ಹಗ್ಗವನ್ನು ತಾನೇ ಬಿಚ್ಚಿ ತನ್ನ ಸೊಂಟಕ್ಕೆ ಸುತ್ತಿಕೊಂಡ. ರಕ್ತ ಮೆತ್ತಿದ ಚರ್ಮದ ಹಗ್ಗ.

"ಗಟ್ಟಿ ಹಿಡೀರಿ," ಎಂದ ನಮ್ಮಿಬ್ಬರಿಗೆ. ಹನುಮಂತನ ಕಡೆ ನೋಡಿ ತಲೆಯಾಡಿಸಿದ.

ತಮಟೆಗೆ ಪೆಟ್ಟು ಬಿತ್ತು. ಆ ಬೆಟ್ಟದೂರಿನ ಕಲ್ಲುಗೋಡೆಗಳು ಅಂಥ ಪೆಟ್ಟನ್ನು ಎಂದೂ ಕೇಳಿರಲಿಕ್ಕಿಲ್ಲ. ಜನ ಬೆಚ್ಚಿ ಹಿಂದೆ ಸರಿದರು. ಮಂಜಣ್ಣ ಒಂದು ಸುತ್ತು ತಿರುಗಿದ, ಎರಡನೆಯದಕ್ಕೆ ನೆಲ ಬಿಟ್ಟು ಹಾರಿದ. ಗರಿ ಇಲ್ಲ, ಮೀಸೆ ಇಲ್ಲ, ಕತ್ತಿ ಇಲ್ಲ. ಬನಿಯನ್ನು, ಪ್ಯಾಂಟು, ಮಸಿ ಮುಖ. ನಾನು ಇಷ್ಟು ವರ್ಷ ಅವನ ಬೆನ್ನಿನ ಗರಿಗಳನ್ನೇ ನೋಡಿದವನು. ಗರಿಗಳ ಕೆಳಗೆ ಆ ಬೆನ್ನು ಹೇಗೆ ದುಡಿಯುತ್ತದೆ ಎಂದು ಮೊದಲ ಸಲ ಕಂಡೆ. ಬೆನ್ನಿನ ಪ್ರತಿ ನರವೂ ಎದ್ದು ಕುಣಿಯುತ್ತಿತ್ತು. ಮೊಣಕಾಲು ನೋಯುತ್ತಿದ್ದದ್ದೂ ಕಂಡಿತು. ಎಡಗಾಲಿಗೆ ಭಾರ ಬಿದ್ದಾಗಲೆಲ್ಲ ಭುಜ ಸಣ್ಣಗೆ ನಡುಗುತ್ತಿತ್ತು. ಅವನು ಜನರ ಮೇಲೆ ಎಗರಿದಾಗ ಹಗ್ಗ ನನ್ನ ಅಂಗೈಯನ್ನು ಕೊಯ್ಯಿತು. ಯಾವ ಹೋಳಿಯಲ್ಲೂ ಅವನು ಅಷ್ಟು ಬಲವಾಗಿ ಎಳೆದದ್ದಿಲ್ಲ.

ತಮಟೆ ಏರಿ ಏರಿ ತುದಿಗೆ ಬಂತು. ಊರಲ್ಲಾದರೆ ಇಲ್ಲಿ ಬೇಡ ನಿಲ್ಲುತ್ತಾನೆ, ಯಾರೋ ಹಗ್ಗ ಬಿಚ್ಚುತ್ತಾರೆ, ಒಂದು ಲೋಟ ಶರಬತ್ತು ಕೊಡುತ್ತಾರೆ, ಮುಂದಿನ ಓಣಿಗೆ ಹೋಗುತ್ತೇವೆ. ಇಲ್ಲಿ ಮಂಜಣ್ಣ ನಿಂತ. ಎದೆ ತಿದಿಯಂತೆ ಏಳುತ್ತಿತ್ತು. ಹಿಂತಿರುಗಿ ನಮ್ಮಿಬ್ಬರನ್ನೂ ನೋಡಿದ.

"ಬಿಡ್ರಿ," ಎಂದ.

ನನ್ನ ಕೈ ಮಾತು ಕೇಳಲಿಲ್ಲ. ಇಸ್ಮಾಯಿಲನದೂ ಕೇಳಲಿಲ್ಲ. ಬಿಡುವುದು ಹೇಗೆಂದೇ ನಮ್ಮ ಕೈಗಳಿಗೆ ಗೊತ್ತಿರಲಿಲ್ಲ. ಸುತ್ತ ಜನ ಕಾಯುತ್ತಿದ್ದರು. ಮಂಜಣ್ಣ ನಮ್ಮನ್ನೇ ನೋಡುತ್ತ ನಿಂತ. ಮೊದಲು ಇಸ್ಮಾಯಿಲ್ ಬಿಟ್ಟ. ಆಮೇಲೆ ನಾನು ಒಂದೊಂದೇ ಬೆರಳು ಬಿಡಿಸಿದೆ. ಹಗ್ಗ ನೆಲಕ್ಕೆ ಬಿತ್ತು.

ಮಂಜಣ್ಣ ಎರಡು ಹೆಜ್ಜೆ ಮುಂದೆ ಹೋಗಿ, ಕಡಿದ ಮರದಂತೆ ಬಿದ್ದ. ಕೈ ಊರಲಿಲ್ಲ. ತಲೆ ಕಲ್ಲಿಗೆ ಬಡಿದ ಸದ್ದು ನನಗೆ ಕೇಳಿಸಿತು.

ಕರಿಯ ಬಟ್ಟೆಯವರೆಲ್ಲ ಒಮ್ಮೆಲೇ ಅವನ ಮೇಲೆ ಬಿದ್ದು ಗೋಳಾಡತೊಡಗಿದರು. ಎದೆ ಬಡಿದುಕೊಂಡರು, ಅವನ ಮಸಿ ಕೆನ್ನೆ ಸವರಿದರು, ತಮ್ಮ ಕೂದಲು ಕಿತ್ತುಕೊಂಡರು. ವೇಷ ಹಾಕದ ಹೆಂಗಸರೂ ಸೇರಿಕೊಂಡರು. ಪಾವ್ಲಜ್ಜಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಏನೋ ರಾಗವಾಗಿ ಹೇಳಿ ಅಳುತ್ತಿದ್ದಳು, ಸತ್ತವರ ಗುಣ ಹಾಡಿ ಅಳುತ್ತಾರಲ್ಲ ನಮ್ಮ ಕಡೆ ಹೆಣ್ಣುಮಕ್ಕಳು, ಹಾಗೆ. ಅವಳ ಕಣ್ಣಲ್ಲಿ ನಿಜವಾದ ನೀರಿತ್ತು. ಅದರ ನಡುವೆ ಮಂಜಣ್ಣನ ಹೆಸರು ಎರಡು ಮೂರು ಸಲ ಕೇಳಿಸಿತು. ಬೆಳಗಿನಿಂದ ಒಂದು ಹನಿ ನೀರು ಕುಡಿಯದವನು, ಮೊಣಕಾಲು ಕೆಟ್ಟವನು, ಬಿದ್ದ ಮೇಲೆ ಮಿಸುಕಿಯೂ ಇಲ್ಲ. ಇಸ್ಮಾಯಿಲ್ ತುಟಿಯಲ್ಲೇ ದುವಾ ಹೇಳುತ್ತಿದ್ದ.

ಯಾರೋ ನನ್ನ ಕೈಗೆ ಕೆಂಪು ವೈನಿನ ಲೋಟ ತುರುಕಿದರು. ಸತ್ತವನ ಬಾಯಿಗೆ ಇದನ್ನು ಬಿಡಬೇಕು, ಆಗ ಎದ್ದು ಕೂರುತ್ತಾನೆ, ಹಬ್ಬ ಮುಗಿಯುತ್ತದೆ ಎಂದಳು ವಿನಯಾ. ನಾನು ಅಳುವವರನ್ನು ತಳ್ಳಿಕೊಂಡು ಹೋಗಿ ಅವನ ಪಕ್ಕ ಮೊಣಕಾಲೂರಿದೆ. ಲೋಟವನ್ನು ತುಟಿಯ ಹತ್ತಿರ ತಂದೆ. ಅರ್ಧ ವೈನು ಅವನ ಬನಿಯನ್ನಿನ ಮೇಲೆ ಚೆಲ್ಲಿತು. ಏಳೋ ಮಂಜ್ಯಾ, ಸಾಕು ಏಳೋ ಎಂದು ಕಿವಿಯಲ್ಲಿ ಹೇಳಿದೆ.

ಅವನು ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಅಲ್ಲಾಡಿತು.

"ಇನ್ನೊಂದೀಟು ಅಳ್ಲಿ, ತಡಿಯೋ. ನಮ್ಮೂರಾಗ ಬೇಡಗ ಯಾರೂ ಅತ್ತಿಲ್ಲ."

ನಾನು ಲೋಟವನ್ನು ಹಿಂದಕ್ಕೆ ತೆಗೆದುಕೊಂಡೆ.